ಪಂಡಿತ ಕುಮಾರ ಗಂಧರ್ವ: ಸುಳೇಭಾವಿಯಿಂದ ದೇವಾಸದವರೆಗೆ

ಮೂಲ ಹೆಸರು: ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ
ಜನನ: 8 ಏಪ್ರಿಲ್ 1924, ಸುಳೇಭಾವಿ, ಬೆಳಗಾವಿ ಜಿಲ್ಲೆ
ನಿಧನ: 12 ಜನವರಿ 1992, ದೇವಾಸ, ಮಧ್ಯಪ್ರದೇಶ
ಕ್ಷೇತ್ರ: ಹಿಂದೂಸ್ತಾನಿ ಶಾಸ್ತ್ರೀಯ ಗಾಯನ, ಜನಪದ ಸಂಗೀತ ಸಂಗ್ರಹ, ರಾಗ ರಚನೆ
ಪ್ರಮುಖ ಗೌರವಗಳು: ಪದ್ಮಭೂಷಣ (1977), ಪದ್ಮವಿಭೂಷಣ (1990)

ಪೀಠಿಕೆ

ಹಿಂದೂಸ್ತಾನಿ ಸಂಗೀತಕ್ಕೆ ಕರ್ನಾಟಕವು, ಅದರಲ್ಲಿಯೂ ಧಾರವಾಡ ಮತ್ತು ಬೆಳಗಾವಿ ಸೀಮೆಯು ನೀಡಿರುವ ಕೊಡುಗೆ ಅಪಾರವಾದುದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಹಾಗೂ ಭೀಮಸೇನ ಜೋಶಿಯವರ ಸಾಲಿನಲ್ಲಿ ನಿಲ್ಲುವ ಮತ್ತೊಂದು ಹೆಸರು ಪಂಡಿತ ಕುಮಾರ ಗಂಧರ್ವರದು. ಮೇಲೆ ಹೆಸರಿಸಿದ ಕಲಾವಿದರಲ್ಲಿ ಹೆಚ್ಚಿನವರು ಕನ್ನಡ ನಾಡಿನಲ್ಲಿಯೇ ನೆಲೆಸಿದರು ಅಥವಾ ಅದರ ನೆರೆಯ ಮಹಾರಾಷ್ಟ್ರದಲ್ಲಿ ಬಾಳಿದರು. ಕುಮಾರ ಗಂಧರ್ವರಾದರೋ ಕನ್ನಡ ಮಣ್ಣಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ವಿದ್ಯೆ ಕಲಿತು, ನೂರಾರು ಮೈಲಿ ದೂರದ ಮಾಳವ ಪ್ರಾಂತದಲ್ಲಿ ತಮ್ಮ ಬದುಕಿನ ಉಳಿದ 44 ವರ್ಷಗಳನ್ನು ಕಳೆದರು. ಹುಟ್ಟಿದ ನಾಡಿನ ಸಂಸ್ಕಾರ ಮತ್ತು ನೆಲೆಸಿದ ನಾಡಿನ ಜನಪದ ಇವೆರಡೂ ಅವರ ಗಾಯನದಲ್ಲಿ ಒಂದಾಗಿವೆ.

ಬಾಲ್ಯದಲ್ಲಿಯೇ ಅಪೂರ್ವ ಕೀರ್ತಿ ಗಳಿಸಿದ ಈ ಗಾಯಕರು ತಾರುಣ್ಯದಲ್ಲಿ ಕ್ಷಯರೋಗಕ್ಕೆ ತುತ್ತಾಗಿ ಸುಮಾರು 5 ವರ್ಷಗಳ ಕಾಲ ಹಾಡುವಂತಿರಲಿಲ್ಲ. ಒಂದು ಶ್ವಾಸಕೋಶ ಬಹುತೇಕ ನಿಷ್ಕ್ರಿಯವಾದ ನಂತರವೂ ಅವರು ಮರಳಿ ವೇದಿಕೆಯೇರಿ, ಹಿಂದೆಂದೂ ಕೇಳದಂತಹ ಗಾಯನವನ್ನು ರೂಪಿಸಿದರು. ಈ ಮಹನೀಯರ ಜೀವನ ಮತ್ತು ಸಾಧನೆಯ ಸಂಕ್ಷಿಪ್ತ ಪರಿಚಯವನ್ನು ನಾಗರಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಮನೆತನ

ಶಿವಪುತ್ರನು ಜನಿಸಿದ 1924ನೆಯ ಇಸವಿಯು ಬೆಳಗಾವಿಯ ಇತಿಹಾಸದಲ್ಲಿ ಸ್ಮರಣೀಯವಾದುದು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಮಹಾತ್ಮಾ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ಜರುಗಿತು. ಆಗ ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಮತ್ತು ಮರಾಠಿ ಭಾಷೆಗಳೆರಡೂ ಇಲ್ಲಿನ ಜನರ ದಿನನಿತ್ಯದ ವ್ಯವಹಾರದಲ್ಲಿದ್ದವು. ನಾಟಕ ಕಂಪನಿಗಳು ಊರಿಂದೂರಿಗೆ ಸಂಚರಿಸುತ್ತಿದ್ದವು. ಸಮೀಪದ ಮೀರಜಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು, ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು ಈ ಭಾಗದಲ್ಲೆಲ್ಲ ಪ್ರಸಿದ್ಧರಾಗಿದ್ದರು. ಶಾಸ್ತ್ರೀಯ ಸಂಗೀತವು ಅರಮನೆಯ ಅಂಗಳವನ್ನು ದಾಟಿ ರಂಗಭೂಮಿಯ ಮೂಲಕ ಜನಸಾಮಾನ್ಯರ ಕಿವಿಗೆ ಬಿದ್ದಿದ್ದ ಕಾಲವದು.

ಕೊಂಕಾಳಿಮಠ ಮನೆತನವು ವೀರಶೈವ ಲಿಂಗಾಯತ ಸಂಪ್ರದಾಯಕ್ಕೆ ಸೇರಿದ್ದು. ತಂದೆ ಸಿದ್ಧರಾಮಯ್ಯನವರು ಸ್ವತಃ ಹಾಡುಗಾರರು ಹಾಗೂ ಸಂಗೀತಪ್ರಿಯರಾಗಿದ್ದರು. ಮನೆಯಲ್ಲಿ ಹಾಡು ಇದ್ದುದರಿಂದ ಮಗುವಿನ ಕಿವಿಯು ಮೊದಲಿನಿಂದಲೇ ಸ್ವರಕ್ಕೆ ಒಗ್ಗಿತು. ಆದರೆ ಮಗನಿಗೆ ಕ್ರಮಬದ್ಧವಾದ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಬಾಲಪ್ರತಿಭೆ ಮತ್ತು ಬಿರುದು

ಐದಾರು ವರ್ಷದ ವಯಸ್ಸಿನಲ್ಲಿಯೇ ಬಾಲಕನ ಅಸಾಧಾರಣ ಶಕ್ತಿಯು ಮನೆಯವರ ಗಮನಕ್ಕೆ ಬಂದಿತು. ಗ್ರಾಮಫೋನಿನಲ್ಲಿ ಕೇಳಿದ ಗಾಯನವನ್ನು ಅವನು ಹಾಗೆಯೇ ಹಾಡಿ ತೋರಿಸುತ್ತಿದ್ದನು. ಸಾಹಿತ್ಯ ಮತ್ತು ರಾಗ ಮಾತ್ರವಲ್ಲದೆ ಆಲಾಪ, ತಾನು, ಉಸಿರು ನಿಲ್ಲಿಸುವ ಜಾಗ, ಆಯಾ ಗಾಯಕರ ಕಂಠದ ವೈಶಿಷ್ಟ್ಯ ಎಲ್ಲವೂ ಅವನ ಹಾಡಿನಲ್ಲಿ ಮರುಕಳಿಸುತ್ತಿದ್ದವು. ಅಂದಿನ 78 ಆರ್.ಪಿ.ಎಂ. ಪ್ಲೇಟುಗಳಲ್ಲಿ ಒಂದು ಬದಿಗೆ ಮೂರು ನಿಮಿಷದಷ್ಟು ಗಾಯನ ಮಾತ್ರ ಹಿಡಿಯುತ್ತಿತ್ತು. ಆ ಮೂರು ನಿಮಿಷಗಳಲ್ಲಿ ಹಿರಿಯ ಗಾಯಕರು ಅಡಕಗೊಳಿಸಿದ್ದ ಸಾರವೆಲ್ಲವನ್ನೂ ಈ ಬಾಲಕನು ಕಂಠಸ್ಥ ಮಾಡಿಕೊಂಡಿದ್ದನು.

ಏಳು ವರ್ಷದವನಾಗಿದ್ದಾಗ ಲಿಂಗಾಯತ ಮಠವೊಂದರ ಸ್ವಾಮೀಜಿಯವರು ಬಾಲಕನ ಗಾಯನವನ್ನು ಆಲಿಸಿ ಸಂತುಷ್ಟರಾಗಿ ಕುಮಾರ ಗಂಧರ್ವ ಎಂಬ ಬಿರುದನ್ನು ದಯಪಾಲಿಸಿದರು. ಗಂಧರ್ವರೆಂದರೆ ಪುರಾಣಗಳಲ್ಲಿ ಬರುವ ದೇವಲೋಕದ ಗಾಯಕರು. ಈ ಪ್ರದೇಶದಲ್ಲಿ ಶ್ರೇಷ್ಠ ಗಾಯಕರಿಗೆ ಅಂತಹ ಬಿರುದು ನೀಡುವ ರೂಢಿಯಿತ್ತು. ಬಾಲ ಗಂಧರ್ವ ಮತ್ತು ಸವಾಯಿ ಗಂಧರ್ವ ಎಂಬ ಹೆಸರುಗಳು ಆಗಲೇ ಜನಜನಿತವಾಗಿದ್ದವು. ಶಿವಪುತ್ರನಿಗೆ ದೊರೆತ ಬಿರುದೇ ಮುಂದೆ ಅವನ ಹೆಸರಾಗಿ ನಿಂತಿತು. ಮೂಲ ಹೆಸರನ್ನು ಲೋಕವು ಬಹುಮಟ್ಟಿಗೆ ಮರೆಯಿತು.

ತಂದೆಯವರು ಮಗನನ್ನು ಕರೆದುಕೊಂಡು ಊರೂರು ಸಂಚರಿಸಿ ಕಾರ್ಯಕ್ರಮಗಳನ್ನು ಏರ್ಪಡಿಸಿದರು. 1935ರಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಗೂ 1936ರಲ್ಲಿ ಮುಂಬಯಿಯ ಜಿನ್ನಾ ಹಾಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಬಾಲಕನು ಹಾಡಿದನು. ಮುಂಬಯಿಯ ಸಭೆಯಲ್ಲಿ ಹಿರಿಯ ಕಲಾವಿದರೂ ರಸಿಕರೂ ನೆರೆದಿದ್ದರು. ಹನ್ನೆರಡು ತುಂಬದ ಹುಡುಗನ ಗಾಯನಕ್ಕೆ ಸಭಿಕರು ಬೆರಗಾದರು. ಅಂದಿನಿಂದ ಅವನ ಹೆಸರು ದೇಶದ ಸಂಗೀತ ವಲಯದಲ್ಲೆಲ್ಲ ಹರಡಿತು.

ಬಾಲ್ಯದ ಈ ಕೀರ್ತಿಯ ಜೊತೆಯಲ್ಲಿಯೇ ಒಂದು ಅಪಾಯವೂ ಅಡಗಿತ್ತು. ಹುಡುಗನು ಹಾಡುತ್ತಿದ್ದುದು ಇತರರ ಗಾಯನವನ್ನು. ಹಾಡುತ್ತಿರುವ ರಾಗದ ಲಕ್ಷಣವೇನು, ಒಂದು ಸ್ವರವು ಏಕೆ ಅಲ್ಲಿಯೇ ಬರಬೇಕು ಎಂಬುದರ ಶಾಸ್ತ್ರಜ್ಞಾನ ಅವನಿಗಿರಲಿಲ್ಲ. ಇಂತಹ ಬಾಲಪ್ರತಿಭೆಗಳಲ್ಲಿ ಅನೇಕರು ಧ್ವನಿ ಒಡೆಯುವ ವಯಸ್ಸಿನಲ್ಲಿ ಮರೆಯಾಗಿ ಹೋಗುತ್ತಾರೆ. ಶಿವಪುತ್ರನಿಗೆ ಹಾಗಾಗದಂತೆ ಕಾಪಾಡಿದವರು ಗುರುಗಳಾದ ಪ್ರೊಫೆಸರ್ ಬಿ.ಆರ್. ದೇವಧರರು.

ಮುಂಬಯಿಯಲ್ಲಿ ಸಂಗೀತಾಭ್ಯಾಸ

ದೇವಧರರು ಪಂಡಿತ ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. 1925ರಲ್ಲಿ ಮುಂಬಯಿಯಲ್ಲಿ ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್ ಎಂಬ ಸಂಗೀತ ಶಾಲೆಯನ್ನು ಸ್ಥಾಪಿಸಿದ್ದರು. ಗ್ವಾಲಿಯರ್ ಪರಂಪರೆಯಲ್ಲಿ ಶಿಕ್ಷಣ ಪಡೆದಿದ್ದರೂ ಅವರು ಒಂದೇ ಘರಾಣೆಗೆ ಅಂಟಿಕೊಂಡವರಲ್ಲ. ಪಾಶ್ಚಾತ್ಯ ಸಂಗೀತವನ್ನೂ ಅಭ್ಯಾಸ ಮಾಡಿದ್ದರು. ಬೇರೆ ಬೇರೆ ಘರಾಣೆಗಳ ಉಸ್ತಾದರಿಂದ ಬಂದಿಶ್‌ಗಳನ್ನು ಸಂಗ್ರಹಿಸುವುದು ಅವರ ಜೀವನದ ಕಾಯಕವಾಗಿತ್ತು. ಅವರ ಶಾಲೆಗೆ ನಾನಾ ಘರಾಣೆಗಳ ಕಲಾವಿದರು ಬಂದುಹೋಗುತ್ತಿದ್ದರು.

1936ರಲ್ಲಿ ಕುಮಾರನು ಈ ಶಾಲೆಯನ್ನು ಸೇರಿದನು. ಅಲ್ಲಿ ಅವನ ಶಿಕ್ಷಣವು ಮೊದಲ ಮೆಟ್ಟಿಲಿನಿಂದ ಆರಂಭವಾಯಿತು. ಸಾವಿರಾರು ಜನರ ಚಪ್ಪಾಳೆ ಗಿಟ್ಟಿಸಿದ್ದ ಬಾಲಕನು ಸ್ವರಗಳ ಹೆಸರು, ತಾಳದ ಮಾತ್ರೆ, ರಾಗದ ಆರೋಹ ಅವರೋಹಗಳನ್ನು ಕ್ರಮವಾಗಿ ಕಲಿಯಬೇಕಾಯಿತು. ಅನುಕರಣೆಯಿಂದ ಅರಿವಿನ ಕಡೆಗೆ ಸಾಗುವ ಈ ಹಾದಿ ಸುಲಭವಾದುದಲ್ಲ. ಆದರೆ ಕೇಳಿದ್ದನ್ನು ಗ್ರಹಿಸುವ ಶಕ್ತಿಯು ಅವನಲ್ಲಿ ಮೊದಲೇ ಇದ್ದುದರಿಂದ ಶಾಸ್ತ್ರವು ಬೇಗನೆ ಕೈವಶವಾಯಿತು. ಇಪ್ಪತ್ತರ ಹೊತ್ತಿಗೆ ಅವರು ಅದೇ ಶಾಲೆಯಲ್ಲಿ ಇತರರಿಗೆ ಪಾಠ ಹೇಳುವಷ್ಟು ಪ್ರೌಢರಾಗಿದ್ದರು.

ದೇವಧರರಲ್ಲದೆ ವಿದುಷಿ ಅಂಜನಿಬಾಯಿ ಮಾಲ್ಪೇಕರರಿಂದಲೂ ಕುಮಾರ ಗಂಧರ್ವರು ಮಾರ್ಗದರ್ಶನ ಪಡೆದರು. ಭೇಂಡಿಬಜಾರ್ ಘರಾಣೆಗೆ ಸೇರಿದ ಅಂಜನಿಬಾಯಿಯವರು ಸ್ವರದ ಸೂಕ್ಷ್ಮತೆಗೆ ಹೆಸರಾದವರು. ಒಂದು ಸ್ವರವನ್ನು ಅದರ ನಿಜಸ್ಥಾನದಲ್ಲಿ ಹಿಡಿದು ನಿಲ್ಲಿಸುವ ಎಚ್ಚರವು ಕುಮಾರರ ಗಾಯನದಲ್ಲಿ ಕೊನೆಯವರೆಗೂ ಉಳಿಯಿತು. ಕಾರ್ಯಕ್ರಮಕ್ಕೆ ಮುನ್ನ ತಂಬೂರಿಗಳನ್ನು ಶ್ರುತಿ ಮಾಡುವುದರಲ್ಲಿ ಅವರು ವಹಿಸುತ್ತಿದ್ದ ಶ್ರದ್ಧೆಯು ಸಂಗೀತ ವಲಯದಲ್ಲಿ ಇಂದಿಗೂ ಮಾತಿನ ವಿಷಯವಾಗಿದೆ.

1940ರ ದಶಕದಲ್ಲಿ ಕುಮಾರ ಗಂಧರ್ವರು ದೇಶದ ಮುಂಚೂಣಿಯ ಯುವ ಗಾಯಕರಲ್ಲಿ ಒಬ್ಬರಾಗಿದ್ದರು. 1947ರಲ್ಲಿ ದೇವಧರರ ಶಾಲೆಯಲ್ಲಿಯೇ ಕಲಿಯುತ್ತಿದ್ದ, ಕರಾಚಿ ಮೂಲದ ಗಾಯಕಿ ಭಾನುಮತಿಯವರೊಂದಿಗೆ ಅವರ ವಿವಾಹವಾಯಿತು. ದೇಶವು ಸ್ವಾತಂತ್ರ್ಯ ಪಡೆದ ವರ್ಷವದು. ದಂಪತಿಗಳ ಮುಂದೆ ಉಜ್ವಲವಾದ ಭವಿಷ್ಯವಿದ್ದಂತೆ ತೋರುತ್ತಿತ್ತು.

ಕ್ಷಯರೋಗ ಮತ್ತು ದೇವಾಸದ ವಾಸ

ವಿವಾಹವಾದ ಕೆಲವೇ ತಿಂಗಳುಗಳಲ್ಲಿ ಕುಮಾರ ಗಂಧರ್ವರಿಗೆ ಶ್ವಾಸಕೋಶದ ಕ್ಷಯ ತಗುಲಿರುವುದು ಪತ್ತೆಯಾಯಿತು. ಆ ಕಾಲದಲ್ಲಿ ಕ್ಷಯವೆಂದರೆ ಮರಣದ ಇನ್ನೊಂದು ಹೆಸರಾಗಿತ್ತು. ಒಣ ಹವೆಯ ಊರಿನಲ್ಲಿ ವಿಶ್ರಾಂತಿ ಪಡೆಯುವುದೇ ಅಂದಿನ ಮುಖ್ಯ ಚಿಕಿತ್ಸೆ. ಮುಂಬಯಿಯ ತೇವದ ಗಾಳಿಯನ್ನು ಬಿಟ್ಟು ಹೋಗಬೇಕೆಂದು ವೈದ್ಯರು ತಿಳಿಸಿದರು. ಸಂಗೀತಪ್ರಿಯರಾದ ಸ್ನೇಹಿತರು ಇಂದೋರ್ ಮತ್ತು ದೇವಾಸಗಳಲ್ಲಿದ್ದುದರಿಂದ ಕುಟುಂಬವು ಮಾಳವದ ಕಡೆಗೆ ಹೊರಟಿತು. ಅವರು ದೇವಾಸವನ್ನು ತಲುಪಿದುದು 1948ರ ಜನವರಿ 30ರಂದು. ಗಾಂಧೀಜಿಯವರು ಹತ್ಯೆಯಾದ ದಿನವೂ ಅದೇ ಆಗಿತ್ತು.

ದೇವಾಸವು ಆಗ ಇಂದೋರಿನ ಸಮೀಪದ ಒಂದು ಸಣ್ಣ ಪಟ್ಟಣವಾಗಿತ್ತು. ಸ್ವಾತಂತ್ರ್ಯಪೂರ್ವದಲ್ಲಿ ಹಿರಿಯ ಮತ್ತು ಕಿರಿಯ ಎಂಬ ಎರಡು ಮರಾಠಾ ಸಂಸ್ಥಾನಗಳು ಈ ಒಂದೇ ಊರಿನಿಂದ ಆಡಳಿತ ನಡೆಸುತ್ತಿದ್ದವು. ಊರಿನ ನಡುವೆ ದೇವಿಯ ಗುಡಿಗಳಿರುವ ಗುಡ್ಡವಿದೆ. ಸಂಗೀತಕ್ಕೂ ಇಲ್ಲಿ ರಾಜಾಶ್ರಯವಿದ್ದು, ಪ್ರಸಿದ್ಧ ಗಾಯಕ ಉಸ್ತಾದ್ ರಜಬ್ ಅಲಿ ಖಾನರು ಇದೇ ಊರಿನಲ್ಲಿದ್ದರು. ಗುಡ್ಡದ ತಪ್ಪಲಿನಲ್ಲಿ ಕುಮಾರ ಗಂಧರ್ವರು ಕಾಲಾನಂತರ ಕಟ್ಟಿಸಿಕೊಂಡ ಮನೆಗೆ ಭಾನುಕುಲ ಎಂದು ಹೆಸರು.

ಆರಂಭದ ವರ್ಷಗಳು ಅತ್ಯಂತ ಕಷ್ಟದವು. ರೋಗಿಯು ಹಾಡುವುದಿರಲಿ, ಹೆಚ್ಚು ಮಾತನಾಡುವುದನ್ನೂ ವೈದ್ಯರು ನಿರ್ಬಂಧಿಸಿದ್ದರು. ಗಾಯನವೇ ಜೀವನೋಪಾಯವಾಗಿದ್ದ ಮನೆಯಲ್ಲಿ ವರಮಾನ ನಿಂತುಹೋಯಿತು. ಭಾನುಮತಿಯವರು ಶಾಲೆಯಲ್ಲಿ ಶಿಕ್ಷಕಿಯಾಗಿ ದುಡಿದು ಸಂಸಾರವನ್ನು ನಡೆಸಿದರು ಮತ್ತು ಹಗಲಿರುಳು ಪತಿಯ ಶುಶ್ರೂಷೆ ಮಾಡಿದರು. ತಾವೂ ಗಾಯಕಿಯಾಗಿದ್ದ ಅವರು ತಮ್ಮ ಕಲೆಯನ್ನು ಬದಿಗಿರಿಸಿ ಇನ್ನೊಬ್ಬ ಗಾಯಕನನ್ನು ಉಳಿಸಿದರು. ಕುಮಾರ ಗಂಧರ್ವರ ಸಾಧನೆಯನ್ನು ನೆನೆಯುವಾಗ ಈ ತ್ಯಾಗವನ್ನೂ ನೆನೆಯುವುದು ನ್ಯಾಯವಾದುದು.

ಕ್ಷಯರೋಗದ ವಿರುದ್ಧ ಕೆಲಸ ಮಾಡುವ ಮೊದಲ ಔಷಧವಾದ ಸ್ಟ್ರೆಪ್ಟೊಮೈಸಿನ್ ಅನ್ನು 1943ರಲ್ಲಿ ಅಮೆರಿಕದಲ್ಲಿ ಕಂಡುಹಿಡಿಯಲಾಯಿತು. 1950ರ ದಶಕದ ಆರಂಭದಲ್ಲಿ ಈ ಔಷಧದ ಚಿಕಿತ್ಸೆ ದೊರೆತು ಕುಮಾರ ಗಂಧರ್ವರು ಚೇತರಿಸಿಕೊಂಡರು. ಆದರೆ ಒಂದು ಶ್ವಾಸಕೋಶವು ಶಾಶ್ವತವಾಗಿ ಹಾನಿಗೊಳಗಾಗಿತ್ತು. ಇಂದು ಕ್ಷಯರೋಗವು ಸಂಪೂರ್ಣ ಗುಣವಾಗುವ ಕಾಯಿಲೆಯಾಗಿದ್ದು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತವಾಗಿ ಲಭ್ಯವಿದೆ ಎಂಬುದನ್ನು ಈ ಸಂದರ್ಭದಲ್ಲಿ ಸಾರ್ವಜನಿಕರು ಗಮನಿಸಬಹುದು.

ಮಾಳವದ ಜನಪದ ಗೀತೆಗಳು

ಹಾಡಲಾಗದೆ ಮಲಗಿದ್ದ ವರ್ಷಗಳಲ್ಲಿ ಕುಮಾರ ಗಂಧರ್ವರು ಕೇಳುತ್ತಿದ್ದರು. ಹೊರಗೆ ಹಾದುಹೋಗುವ ಹೆಂಗಸರ ಹಾಡು, ಹಬ್ಬ ಮತ್ತು ಮದುವೆಯ ಹಾಡು, ಭಿಕ್ಷೆಗೆ ಬರುವ ಜೋಗಿಗಳ ಪದ ಇವೆಲ್ಲ ಕೋಣೆಯವರೆಗೆ ತೇಲಿ ಬರುತ್ತಿದ್ದವು. ಬಾಲ್ಯದಲ್ಲಿ ಗ್ರಾಮಫೋನಿಗೆ ತೆರೆದಿದ್ದ ಕಿವಿಯು ಈಗ ಮಾಳವದ ಮಣ್ಣಿನ ದನಿಗೆ ತೆರೆಯಿತು. ಗುಣಮುಖರಾಗುತ್ತಿದ್ದಂತೆ ಅವರು ಈ ಗೀತೆಗಳನ್ನು ಸಂಗ್ರಹಿಸಿ ಸ್ವರಲಿಪಿಯಲ್ಲಿ ಬರೆದುಕೊಳ್ಳತೊಡಗಿದರು. ಹೀಗೆ ಅವರು ಕಲೆಹಾಕಿದ ಹಾಡುಗಳ ಸಂಖ್ಯೆ ನೂರಾರು.

ಈ ಅಧ್ಯಯನದಿಂದ ಅವರಿಗೆ ಒಂದು ಸತ್ಯ ಗೋಚರಿಸಿತು. ಬಹಳಷ್ಟು ಜನಪದ ಧಾಟಿಗಳು ನಾಲ್ಕೈದು ಸ್ವರಗಳಲ್ಲಿಯೇ ಸುತ್ತುತ್ತವೆ. ಆ ಕೆಲವೇ ಸ್ವರಗಳ ನಡಿಗೆಯಲ್ಲಿ ರಾಗವೊಂದರ ಬೀಜ ಅಡಗಿರುತ್ತದೆ. ರಾಗಗಳನ್ನು ಶಾಸ್ತ್ರಕಾರರು ಶೂನ್ಯದಿಂದ ಸೃಷ್ಟಿಸಲಿಲ್ಲ. ಜನರ ಹಾಡುಗಳಿಂದ ಅವು ಬೆಳೆದು ಬಂದವು ಎಂಬ ತೀರ್ಮಾನಕ್ಕೆ ಅವರು ಬಂದರು. ಈ ವಿಚಾರವನ್ನು ಬರಿಯ ಸಿದ್ಧಾಂತವಾಗಿ ಬಿಡದೆ ಪ್ರಯೋಗಕ್ಕೂ ತಂದರು. ಜನಪದ ಧಾಟಿಯೊಂದರಲ್ಲಿ ಅಡಗಿದ್ದ ರಾಗವನ್ನು ಬಿಡಿಸಿ, ಅದಕ್ಕೆ ಪೂರ್ಣರೂಪ ಕೊಟ್ಟು, ಬಂದಿಶ್ ರಚಿಸಿ ಹಾಡಿದರು. ಇಂತಹ ರಾಗಗಳಿಗೆ ಧುನ್ ಉಗಮ ರಾಗಗಳೆಂದು ಹೆಸರು. ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ, ನಿಂದಿಯಾರಿ, ಮಧಸುರಜಾ, ಅಹಿಮೋಹಿನಿ ಮೊದಲಾದ ರಾಗಗಳು ಅವರಿಂದ ಸಂಗೀತ ಲೋಕಕ್ಕೆ ದೊರೆತವು.

ಕರಾವಳಿಯ ಓದುಗರಿಗೆ ಇದನ್ನು ಹತ್ತಿರದ ಉದಾಹರಣೆಯಿಂದ ವಿವರಿಸಬಹುದು. ಮಂಗಳೂರಿನ ಕೊಟ್ಟಾರದಂತಹ ಬಡಾವಣೆಯಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತನಾಡುವ ಮನೆಗಳು ಅಕ್ಕಪಕ್ಕದಲ್ಲಿಯೇ ಇವೆ. ತುಳುನಾಡಿನ ಗದ್ದೆಗಳಲ್ಲಿ ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಪಾಡ್ದನಗಳು ಕೂಡ ಕೆಲವೇ ಸ್ವರಗಳ ವ್ಯಾಪ್ತಿಯಲ್ಲಿ ದೀರ್ಘವಾದ ಕಥೆಯನ್ನು ನಡೆಸಿಕೊಂಡು ಹೋಗುತ್ತವೆ. ಅಂತಹ ಹಾಡನ್ನು ಕೇಳಿದ ಪಂಡಿತರೊಬ್ಬರು ಅದನ್ನು ಕೀಳೆಂದು ಬಗೆಯದೆ, ಅದರೊಳಗಿನ ರಾಗವನ್ನು ಹುಡುಕಲು ಕುಳಿತರೆಂದು ಊಹಿಸಿಕೊಂಡರೆ ಕುಮಾರ ಗಂಧರ್ವರು ಮಾಳವದಲ್ಲಿ ಮಾಡಿದ ಕೆಲಸದ ಸ್ವರೂಪವು ತಿಳಿಯುತ್ತದೆ. ಅವರು ಆ ನಾಡಿಗೆ ಹೊರಗಿನವರು. ಮಾಳವಿಯು ಅವರ ಮಾತೃಭಾಷೆಯಲ್ಲ. ಹಾಗಿದ್ದರೂ ಅಲ್ಲಿನ ಜನರು ದಿನವೂ ಹಾಡುತ್ತಿದ್ದುದರ ಬೆಲೆಯನ್ನು ಎತ್ತಿ ತೋರಿಸಿದವರು ಈ ಕನ್ನಡಿಗರು.

ಮರಳಿ ವೇದಿಕೆಗೆ

1953ರಲ್ಲಿ ಕುಮಾರ ಗಂಧರ್ವರು ಮತ್ತೆ ಸಾರ್ವಜನಿಕವಾಗಿ ಹಾಡಿದರು. ಕೇಳುಗರು ನೆನಪಿನಲ್ಲಿಟ್ಟುಕೊಂಡಿದ್ದ ಬಾಲಪ್ರತಿಭೆಯ ಗಾಯನ ಇದಾಗಿರಲಿಲ್ಲ. ಉಸಿರಿನ ಮಿತಿಯಿಂದಾಗಿ ದೀರ್ಘವಾದ ತಾನುಗಳನ್ನು ಹಿಂದಿನಂತೆ ಒಂದೇ ಬೀಸಿನಲ್ಲಿ ಹಾಡುವುದು ಸಾಧ್ಯವಿರಲಿಲ್ಲ. ಅವರು ಚಿಕ್ಕ ಚಿಕ್ಕ ಸ್ವರಗುಚ್ಛಗಳನ್ನು ಆಯ್ದುಕೊಂಡರು. ಒಂದು ಸ್ವರವನ್ನು ಮೃದುವಾಗಿ ನುಡಿದು, ಮರುಕ್ಷಣ ಮೇಲಿನ ಸ್ವರವನ್ನು ಚಿಮ್ಮಿಸಿ, ನಡುವೆ ಮೌನಕ್ಕೆ ಜಾಗ ಬಿಟ್ಟರು. ಆ ಮೌನದಲ್ಲಿ ತಂಬೂರಿಯ ನಾದ ತುಂಬಿಕೊಳ್ಳುತ್ತಿತ್ತು. ದೇಹದ ಕೊರತೆಯನ್ನು ಅವರು ಗಾಯನದ ಕ್ರಮವನ್ನಾಗಿ ಮಾರ್ಪಡಿಸಿಕೊಂಡರು. ಬಹುಕಾಲ ಅವರಿಗೆ ತಬಲಾ ಸಾಥ್ ನೀಡಿದ ವಸಂತ ಆಚರೇಕರರು ಈ ಶೈಲಿಯನ್ನು ಅರಿತು ಮಿತವಾದ ನುಡಿಸುವಿಕೆಯಿಂದ ಅದಕ್ಕೆ ಪೋಷಣೆ ನೀಡಿದರು.

ಬಂದಿಶ್ ಕುರಿತಾದ ಅವರ ದೃಷ್ಟಿಯೂ ವಿಶಿಷ್ಟವಾದುದು. ಖಯಾಲ್ ಗಾಯನದಲ್ಲಿ ಸಾಹಿತ್ಯವು ಕೇವಲ ಆಲಾಪಕ್ಕೆ ನೆಪವೆಂದು ತಿಳಿಯುವ ವಾಡಿಕೆಯಿತ್ತು. ಕುಮಾರ ಗಂಧರ್ವರು ಬಂದಿಶ್‌ನ ಅರ್ಥಕ್ಕೂ ಅದರ ಮಾತಿನ ಲಯಕ್ಕೂ ಮಹತ್ವ ಕೊಟ್ಟರು. ಹಳೆಯ ಬಂದಿಶ್‌ಗಳನ್ನು ಹೊಸದಾಗಿ ಪರಿಶೀಲಿಸಿ ಹಾಡಿದರು. ಸ್ವತಃ ಮಾಳವಿ ಮತ್ತು ಹಿಂದಿ ನುಡಿಗಟ್ಟುಗಳಲ್ಲಿ ಅನೇಕ ಬಂದಿಶ್‌ಗಳನ್ನು ರಚಿಸಿದರು. ಅವುಗಳಲ್ಲಿ ಋತುಗಳಿವೆ, ಊರಿನ ಹಬ್ಬಗಳಿವೆ, ದೇವಿಗೆ ಬಲಿಯಾಗಲಿರುವ ಮೂಕಪ್ರಾಣಿಯ ಮೊರೆಯೂ ಇದೆ. ಈ ರಚನೆಗಳ ಸಂಗ್ರಹವಾದ ಅನೂಪರಾಗವಿಲಾಸ ಗ್ರಂಥದ ಮೊದಲ ಭಾಗವು 1965ರಲ್ಲಿ ಪ್ರಕಟವಾಯಿತು. 1969ರಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ನಿಮಿತ್ತ ಗಾಂಧಿ ಮಲ್ಹಾರ್ ಎಂಬ ರಾಗವನ್ನು ರಚಿಸಿ ಹಾಡಿದರು.

ವೈವಿಧ್ಯಮಯ ಕಾರ್ಯಕ್ರಮಗಳು

ಒಂದು ವಿಷಯವನ್ನು ಆಯ್ದುಕೊಂಡು ಅದರ ಸುತ್ತ ಇಡೀ ಕಾರ್ಯಕ್ರಮವನ್ನು ಹೆಣೆಯುವ ಪದ್ಧತಿಯನ್ನು ಕುಮಾರ ಗಂಧರ್ವರು ರೂಢಿಗೆ ತಂದರು. ಅವುಗಳಲ್ಲಿ ಪ್ರಮುಖವಾದವು ಈ ಕೆಳಗಿನಂತಿವೆ.

1. ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ: ಮಳೆ, ಹೇಮಂತ ಮತ್ತು ವಸಂತ ಋತುಗಳಿಗೆ ಸಂಬಂಧಿಸಿದ ಶಾಸ್ತ್ರೀಯ ಹಾಗೂ ಜನಪದ ಗೀತೆಗಳು.
2. ಮಾಳವದ ಲೋಕಗೀತೆಗಳ ಕಾರ್ಯಕ್ರಮ: ಸಂಗ್ರಹಿಸಿದ ಜನಪದ ಧಾಟಿಗಳ ಪ್ರಸ್ತುತಿ.
3. ತ್ರಿವೇಣಿ: ಕಬೀರ, ಸೂರದಾಸ, ಮೀರಾಬಾಯಿಯವರ ಪದಗಳು.
4. ಠುಮ್ರಿ, ಟಪ್ಪಾ, ತರಾನಾ: ಈ ಮೂರು ಗಾಯನ ಪ್ರಕಾರಗಳ ಪರಿಚಯ.
5. ಬಾಲಗಂಧರ್ವ ಸ್ಮರಣೆ: ಮರಾಠಿ ರಂಗಭೂಮಿಯ ಮಹಾನ್ ನಟ ಗಾಯಕ ಬಾಲಗಂಧರ್ವರ ನಾಟ್ಯಗೀತೆಗಳನ್ನು ತಮಗೆ ಅರ್ಥವಾದ ರೀತಿಯಲ್ಲಿ ಹಾಡಿದ ಗೌರವಾರ್ಪಣೆ.
6. ತಾಂಬೆ ಗೀತ ರಜನಿ: ಮರಾಠಿ ಕವಿ ಬಿ.ಆರ್. ತಾಂಬೆಯವರ ಕವಿತೆಗಳು.
7. ತುಲಸೀದಾಸ ಮತ್ತು ತುಕಾರಾಮರ ರಚನೆಗಳನ್ನು ಕುರಿತ ಕಾರ್ಯಕ್ರಮಗಳು.

ಈ ಪಟ್ಟಿಯನ್ನು ಗಮನಿಸಿದರೆ ಅವರ ಬಹುಮುಖ ಪ್ರತಿಭೆಯ ಅರಿವಾಗುತ್ತದೆ. ಖಯಾಲ್ ಗಾಯಕರು ಖಯಾಲನ್ನು ಮಾತ್ರ ಹಾಡಬೇಕೆಂಬ ಕಟ್ಟುಪಾಡನ್ನು ಅವರು ಒಪ್ಪಲಿಲ್ಲ. ಬಾಲಗಂಧರ್ವರ ಹಾಡುಗಳನ್ನು ಹಾಡುವಾಗಲೂ ಬಾಲ್ಯದಂತೆ ಅನುಕರಿಸಲಿಲ್ಲ. ಹಳೆಯ ಪ್ಲೇಟುಗಳನ್ನು ಕೇಳಿ ಹಾಗೆಯೇ ಒಪ್ಪಿಸುತ್ತಿದ್ದ ಹುಡುಗನು, ಅದೇ ಬಗೆಯ ಹಾಡುಗಳಲ್ಲಿ ತನ್ನದೇ ದನಿಯನ್ನು ಕಂಡುಕೊಂಡ ಗಾಯಕನಾಗಿ ಬೆಳೆದುದನ್ನು ಈ ಕಾರ್ಯಕ್ರಮವು ತೋರಿಸುತ್ತದೆ.

ನಿರ್ಗುಣ ಭಜನೆಗಳು

ಜನಸಾಮಾನ್ಯರಿಗೆ ಕುಮಾರ ಗಂಧರ್ವರು ಹೆಚ್ಚು ಪರಿಚಿತರಾಗಿರುವುದು ಕಬೀರರ ನಿರ್ಗುಣ ಭಜನೆಗಳಿಂದ. ದೇವಾಸವು ನಾಥಪಂಥದ ಯೋಗಿಗಳ ತಾಣವೂ ಹೌದು. ಶೀಲನಾಥ ಮಹಾರಾಜರ ಧೂನಿಯು ಅಲ್ಲಿದೆ. ಜೋಗಿಗಳು ಹಾಡುತ್ತಿದ್ದ ಪದಗಳನ್ನು ಕೇಳಿದ ಕುಮಾರ ಗಂಧರ್ವರಿಗೆ ಅವುಗಳ ಒಕ್ಕಲುತನವೂ ಒಂಟಿತನವೂ ಒಮ್ಮೆಗೇ ತಟ್ಟಿದವು. ಯಾರನ್ನೂ ಮೆಚ್ಚಿಸಲು ಹಾಡದೆ, ತನ್ನಷ್ಟಕ್ಕೆ ತಾನು ಹಾಡಿಕೊಂಡು ಹೋಗುವ ಆ ದನಿಯ ನಿರ್ಭಯತೆಯನ್ನು ಅವರು ಶಾಸ್ತ್ರೀಯ ಗಾಯನದ ಶಿಸ್ತಿನೊಳಗೆ ತಂದರು. ಆಡಂಬರವಿಲ್ಲದ ಈ ಭಜನೆಗಳು ಭಕ್ತಿಗಾಯನಕ್ಕೆ ಹೊಸ ದಾರಿಯನ್ನು ತೋರಿದವು.

ಆಕಾರವಿಲ್ಲದ ಪರತತ್ತ್ವವನ್ನು ನೇರವಾದ ಆಡುಮಾತಿನಲ್ಲಿ ಹಾಡುವ ಈ ಪದಗಳು ಕನ್ನಡಿಗರಿಗೆ ಅಪರಿಚಿತವೆನಿಸುವುದಿಲ್ಲ. ಅಲ್ಲಮಪ್ರಭುವಿನ ವಚನಗಳು, ಶಿಶುನಾಳ ಶರೀಫರ ತತ್ತ್ವಪದಗಳು ಇದೇ ಬಗೆಯ ಅನುಭಾವವನ್ನು ಕನ್ನಡದಲ್ಲಿ ನುಡಿದಿವೆ. ಏಕತಾರಿ ಹಿಡಿದು ಹಾಡುವ ಸಾಧಕರು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಮಠದ ಹೆಸರನ್ನು ಹೊತ್ತ ಮನೆತನದಲ್ಲಿ ಹುಟ್ಟಿದ ಗಾಯಕರೊಬ್ಬರು ಮಾಳವದ ಜೋಗಿಗಳ ಪದಗಳಲ್ಲಿ ತಮ್ಮ ಮನೆಯನ್ನು ಕಂಡುಕೊಂಡುದು ಸಹಜವೆಂದೇ ಹೇಳಬಹುದು. ಬೆಂಗಳೂರಿನಲ್ಲಿ 2003ರಲ್ಲಿ ಆರಂಭವಾದ ಕಬೀರ್ ಯೋಜನೆಯ ಚಲನಚಿತ್ರಗಳಲ್ಲಿ ಒಂದು ಕುಮಾರ ಗಂಧರ್ವರು ಮತ್ತು ಕಬೀರರ ಸಂಬಂಧವನ್ನು ಕುರಿತದ್ದಾಗಿದೆ.

ಟೀಕೆ ಮತ್ತು ಚರ್ಚೆ

ಕುಮಾರ ಗಂಧರ್ವರ ಹಾದಿಯು ನಿರ್ವಿವಾದವಾಗಿರಲಿಲ್ಲ. ಘರಾಣೆಯ ಚೌಕಟ್ಟನ್ನು ಅವರು ಪಾಲಿಸುವುದಿಲ್ಲವೆಂದು, ವಿಲಂಬಿತ ಲಯದಲ್ಲಿ ರಾಗವನ್ನು ಹಂತಹಂತವಾಗಿ ವಿಸ್ತರಿಸುವ ಪದ್ಧತಿಗೆ ಅವರ ಗಾಯನದಲ್ಲಿ ಸಾಕಷ್ಟು ಸ್ಥಾನವಿಲ್ಲವೆಂದು ಸಂಪ್ರದಾಯವಾದಿಗಳು ಆಕ್ಷೇಪಿಸಿದರು. ಜನಪದ ಧಾಟಿಗಳಿಂದ ರಾಗಗಳನ್ನು ರೂಪಿಸಿದುದನ್ನೂ ಕೆಲವರು ಪ್ರಶ್ನಿಸಿದರು. ಇನ್ನೊಂದೆಡೆ, ಘರಾಣೆಯೆಂಬುದು ಗಾಯಕನ ಬೆಳವಣಿಗೆಗೆ ಆಧಾರವಾಗಬೇಕೇ ಹೊರತು ಬೇಲಿಯಾಗಬಾರದೆಂದು ನಂಬಿದ ವಿಮರ್ಶಕರೂ ರಸಿಕರೂ ಅವರನ್ನು ಬೆಂಬಲಿಸಿದರು. ಈ ಚರ್ಚೆಯು ದಶಕಗಳ ಕಾಲ ಮುಂದುವರಿಯಿತು. ಅವರ ಬಂದಿಶ್‌ಗಳನ್ನು ಮತ್ತು ಭಜನೆಗಳನ್ನು ಇಂದು ಬೇರೆ ಬೇರೆ ಘರಾಣೆಗಳ ಗಾಯಕರು ಹಾಡುತ್ತಿದ್ದಾರೆ.

ಕುಟುಂಬ ಮತ್ತು ಶಿಷ್ಯ ಪರಂಪರೆ

ಕಷ್ಟದ ದಿನಗಳಲ್ಲಿ ಆಸರೆಯಾಗಿದ್ದ ಭಾನುಮತಿಯವರು 1961ರಲ್ಲಿ ಹೆರಿಗೆಯ ಸಂದರ್ಭದಲ್ಲಿ ನಿಧನರಾದರು. ಪತಿಯ ಕೀರ್ತಿಯು ಬೆಳೆಯುತ್ತಿದ್ದ ಹೊತ್ತಿನಲ್ಲಿಯೇ ಈ ಆಘಾತ ಒದಗಿತು. 1962ರಲ್ಲಿ ಕುಮಾರ ಗಂಧರ್ವರು ದೇವಧರರ ಶಾಲೆಯಲ್ಲಿಯೇ ಕಲಿತಿದ್ದ ಗಾಯಕಿ ವಸುಂಧರಾ ಶ್ರೀಖಂಡೆಯವರನ್ನು ವಿವಾಹವಾದರು. ವಸುಂಧರಾ ಅವರು ವೇದಿಕೆಯಲ್ಲಿ ಪತಿಯೊಂದಿಗೆ ದನಿಗೂಡಿಸಿದರು. ಭಜನೆಗಳ ಧ್ವನಿಮುದ್ರಿಕೆಗಳಲ್ಲಿ ಇಬ್ಬರ ಕಂಠವೂ ಕೇಳಿಬರುತ್ತದೆ. 2006ರಲ್ಲಿ ಪದ್ಮಶ್ರೀ ಪುರಸ್ಕೃತರಾದ ಅವರು 2015ರಲ್ಲಿ ನಿಧನ ಹೊಂದಿದರು.

ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ ಕೋಮಕಲಿ ಹಾಗೂ ಮೊಮ್ಮಗ ಭುವನೇಶ ಕೋಮಕಲಿ ಅವರು ಗಾಯಕರಾಗಿ ಹೆಸರು ಮಾಡಿದ್ದಾರೆ. ಕೊಂಕಾಳಿಮಠ ಎಂಬ ಕನ್ನಡದ ಮನೆತನದ ಹೆಸರು ಉತ್ತರದ ನಾಲಗೆಗಳಲ್ಲಿ ಕೋಮಕಲಿ ಎಂದಾಗಿ ಉಳಿದುಕೊಂಡಿದೆ. ಸತ್ಯಶೀಲ ದೇಶಪಾಂಡೆ, ವಿಜಯ ಸರದೇಶಮುಖ, ಮಧುಪ ಮುದ್ಗಲ್ ಮೊದಲಾದವರು ಅವರ ಶಿಷ್ಯರಲ್ಲಿ ಪ್ರಮುಖರು.

ಪ್ರಶಸ್ತಿ, ಗೌರವ ಮತ್ತು ಸ್ಮರಣೆ

ಭಾರತ ಸರ್ಕಾರವು 1977ರಲ್ಲಿ ಪದ್ಮಭೂಷಣ ಹಾಗೂ 1990ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಕುಮಾರ ಗಂಧರ್ವರನ್ನು ಗೌರವಿಸಿತು. ಸಂಗೀತ ನಾಟಕ ಅಕಾಡೆಮಿಯ ಅತ್ಯುನ್ನತ ಗೌರವವಾದ ಫೆಲೋಶಿಪ್ ಕೂಡ ಅವರಿಗೆ ಸಂದಿತು. 1992ರ ಜನವರಿ 12ರಂದು ದೇವಾಸದ ತಮ್ಮ ನಿವಾಸದಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ 67 ವರ್ಷ ವಯಸ್ಸಾಗಿತ್ತು. ಕ್ಷಯದಿಂದ ಜರ್ಜರಿತವಾದ ದೇಹವನ್ನು ಹೊತ್ತು ಅವರು ಸುಮಾರು 4 ದಶಕಗಳ ಕಾಲ ಹಾಡಿದರು.

ಮಧ್ಯಪ್ರದೇಶ ಸರ್ಕಾರವು ಅವರ ಹೆಸರಿನಲ್ಲಿ ಯುವ ಸಂಗೀತಗಾರರಿಗೆ ಪ್ರಶಸ್ತಿಯನ್ನು ಸ್ಥಾಪಿಸಿದೆ. ಭಾರತೀಯ ಅಂಚೆ ಇಲಾಖೆಯು 2014ರಲ್ಲಿ ಹೊರತಂದ ಸಂಗೀತಗಾರರ ಅಂಚೆ ಚೀಟಿಗಳ ಮಾಲೆಯಲ್ಲಿ ಕುಮಾರ ಗಂಧರ್ವರ ಚಿತ್ರವೂ ಇದೆ. ಅದೇ ಮಾಲೆಯಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಅಂಚೆ ಚೀಟಿಗಳೂ ಪ್ರಕಟವಾದುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ಹುಟ್ಟಿದ ಜಿಲ್ಲೆಯ ಕೇಂದ್ರವಾದ ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರವಿದೆ. ಅವರ ಜನ್ಮಶತಮಾನೋತ್ಸವವನ್ನು 2023 ಮತ್ತು 2024ರಲ್ಲಿ ದೇಶದ ನಾನಾ ಕಡೆಗಳಲ್ಲಿ ಸಂಗೀತ ಕಾರ್ಯಕ್ರಮಗಳೊಂದಿಗೆ ಆಚರಿಸಲಾಯಿತು.

ಉಪಸಂಹಾರ

ಒಂದು ನಾಡಿನಲ್ಲಿ ಹುಟ್ಟಿ ಮತ್ತೊಂದು ನಾಡಿನಲ್ಲಿ ನೆಲೆಸುವವರ ಸಂಖ್ಯೆ ಇಂದು ಬಹಳ ದೊಡ್ಡದು. ಉದ್ಯೋಗ, ವಿದ್ಯಾಭ್ಯಾಸ, ಆರೋಗ್ಯ ಹೀಗೆ ಕಾರಣಗಳು ಹಲವು. ಹೋದ ಕಡೆಯ ಜನರ ಮಾತನ್ನು, ಹಾಡನ್ನು ಗೌರವದಿಂದ ಕೇಳಿಸಿಕೊಂಡರೆ ಅಲ್ಲಿಯೂ ಬೇರು ಬಿಡಬಹುದು ಎಂಬುದಕ್ಕೆ ಕುಮಾರ ಗಂಧರ್ವರ ಬದುಕು ನಿದರ್ಶನವಾಗಿದೆ. ರೋಗಿಯಾಗಿ ದೇವಾಸಕ್ಕೆ ಬಂದವರು ಆ ಊರಿನ ಹೆಸರನ್ನು ಸಂಗೀತದ ಭೂಪಟದಲ್ಲಿ ಮತ್ತೊಮ್ಮೆ ಬರೆದರು. ಅವರ ಗಾಯನವನ್ನು ಕೇಳಬಯಸುವವರು ಮೊದಲಿಗೆ ಒಂದು ನಿರ್ಗುಣ ಭಜನೆಯನ್ನು, ನಂತರ ಮಾಳವದ ಲೋಕಗೀತೆಯನ್ನು, ಆಮೇಲೆ ಧುನ್ ಉಗಮ ರಾಗವೊಂದನ್ನು ಕ್ರಮವಾಗಿ ಆಲಿಸಿದರೆ ಹಾಡಿನಿಂದ ರಾಗದವರೆಗಿನ ಅವರ ಪಯಣವು ಸುಲಭವಾಗಿ ಮನದಟ್ಟಾಗುತ್ತದೆ.

ಜೀವನದ ಪ್ರಮುಖ ಘಟ್ಟಗಳು

1924: ಸುಳೇಭಾವಿಯಲ್ಲಿ ಜನನ
1935: ಅಲಹಾಬಾದ್ ಸಂಗೀತ ಸಮ್ಮೇಳನದಲ್ಲಿ ಗಾಯನ
1936: ಮುಂಬಯಿಯಲ್ಲಿ ಗಾಯನ, ಬಿ.ಆರ್. ದೇವಧರರ ಶಾಲೆಗೆ ಸೇರ್ಪಡೆ
1947: ಭಾನುಮತಿಯವರೊಂದಿಗೆ ವಿವಾಹ
1948: ಚಿಕಿತ್ಸೆಗಾಗಿ ದೇವಾಸಕ್ಕೆ ಆಗಮನ
1953: ಚೇತರಿಕೆಯ ನಂತರ ಮತ್ತೆ ಸಾರ್ವಜನಿಕ ಗಾಯನ
1961: ಭಾನುಮತಿಯವರ ನಿಧನ
1962: ವಸುಂಧರಾ ಅವರೊಂದಿಗೆ ವಿವಾಹ
1965: ಅನೂಪರಾಗವಿಲಾಸ ಮೊದಲ ಭಾಗದ ಪ್ರಕಟಣೆ
1977: ಪದ್ಮಭೂಷಣ
1990: ಪದ್ಮವಿಭೂಷಣ
1992: ದೇವಾಸದಲ್ಲಿ ನಿಧನ